ಸ್ಪೆಲ್ಕ್

ನನಗೆ ಇಂಗ್ಲಿಷ್ ಕಲಿಸಿದ್ದು ಶಾಲೆಯಲ್ಲ,
ಸಂಡರ್ಲೆಂಡಿನ ಒಂದು ಮರಗೆಲಸದ ಶೆಡ್ಡು.
ವೇರ್ ನದಿಯ ದಂಡೆ, ತಗಡಿನ ಸೂರು,
ಹತ್ತರಿಯ ಸದ್ದಿನ ನಡುವೆ ಮುದುಕ ವಿಲ್ಫ್ ಥರ್ಲವೇ
ಒಂದೊಂದೇ ಸಾಮಾನು ಎತ್ತಿ ಹೆಸರು ಹೇಳುತ್ತಿದ್ದ.
ಉಳಿ. ಕೀಲು. ಮೊಳೆ. ಚಹಾ.

ಮೂರನೇ ದಿನ ಪೈನ್ ಹಲಗೆ ಸವರುವಾಗ
ಹೆಬ್ಬೆರಳಿಗೆ ಸಿಬಿರು ನಾಟಿತು.
ಅವನು ಕನ್ನಡಕ ಹಣೆಗೇರಿಸಿ
ಕಡ್ಡಿ ಗೀರಿ ಸೂಜಿಯ ಮೊನೆ ಕಾಸಿ
‘ಅಲುಗಬೇಡ ಮಗಾ, ಸ್ಪೆಲ್ಕ್ ಒಳಗೇ ಮುರಿದರೆ ಕೀವಾಗುತ್ತೆ’ ಅಂದ.
ಸಿಬಿರು ಹೊರಗೆ ಬಂತು,
ಮಾತು ಒಳಗೆ ಹೋಯಿತು.

ಆರು ವರ್ಷ, ದಿನಕ್ಕೆ ಹತ್ತು ಸಲ ಬಳಸಿದೆ.
ಕೈಗವಸು ಹಾಕು, ಈ ಓಕ್ ಮೈಯೆಲ್ಲ ಸ್ಪೆಲ್ಕು.
ಸ್ಪೆಲ್ಕಿಗೆ ಚಿಮಟ ಇದೆಯಾ?
ಔಷಧಿ ಅಂಗಡಿಯ ಹೆಂಗಸು ಕೇಳಿದ್ದು ಇಷ್ಟೇ:
ಉಗುರಿನಡಿಯದೋ, ಅಂಗೈಯದೋ?
ನೆಲ, ಬಾಗಿಲು, ಸೋಮವಾರ
ಅನ್ನುವಷ್ಟೇ ಸಾದಾ ಮಾತು ಅಂದುಕೊಂಡಿದ್ದೆ.
ಅದರ ಮೈಮೇಲಿದ್ದ ಊರಿನ ಹಚ್ಚೆ
ನನಗೆ ಕಂಡಿರಲಿಲ್ಲ.

ವಿಲ್ಫ್ ಶೆಡ್ಡಿಗೆ ಬೀಗ ಹಾಕಿದ ಮೇಲೆ ದಕ್ಷಿಣಕ್ಕೆ ಬಂದೆ.
ಕ್ರಾಯ್ಡನ್ನಿನಲ್ಲಿ ಅಡುಗೆಮನೆಗೆ ಕಪಾಟು ಕೂರಿಸುವ ಕೆಲಸ.
ಮೊದಲ ಮನೆ. ಹೊಸ ಹಲಗೆಯ ಅಂಚು ಸವರುತ್ತಿದ್ದ
ಮನೆಯೊಡತಿಗೆ ಹೇಳಿದೆ: ಹುಷಾರು, ಸ್ಪೆಲ್ಕ್.
ಏನು?
ನನ್ನ ನಾಲಗೆಯದೇ ತಪ್ಪಿರಬೇಕು ಅಂತ
ಬಿಡಿಸಿ, ದೊಡ್ಡ ದನಿಯಲ್ಲಿ, ಇನ್ನೊಮ್ಮೆ:
ಸ್, ಪೆಲ್, ಕ್.
ಆಕೆ ನಕ್ಕಳು. ಆ ನಗು ನನಗೆ ಗೊತ್ತು,
ಪಾಸ್‌ಪೋರ್ಟಿನ ಬಣ್ಣ ನೋಡಿ ನಗುವ ನಗು.
‘ನಿಮ್ಮ ಭಾಷೆಯಲ್ಲಿ ಹಾಗನ್ನುತ್ತಾರಾ? ಎಷ್ಟು ಮುದ್ದಾಗಿದೆ!’

ನಮ್ಮ ಭಾಷೆಯಲ್ಲಿ ಹಾಗನ್ನುವುದಿಲ್ಲ ತಾಯಿ.
ಪನೆವೇಜಿಸ್ ಹತ್ತಿರದ ನಮ್ಮ ಮನೆಯಲ್ಲಿ
ಅಮ್ಮ ಅದನ್ನು ರಾಕ್ಷ್ಟಿಸ್ ಅನ್ನುತ್ತಿದ್ದಳು.
ಇದು ನಿಮ್ಮದು. ನಿಮ್ಮದನ್ನೇ
ನಿಮ್ಮ ಬಾಗಿಲಿಗೆ ತಂದಿದ್ದೇನೆ.
ಹೇಳಲಿಲ್ಲ. ಸ್ಕ್ರೂ ಬಿಗಿದೆ.

‘ಸ್ಪ್ಲಿಂಟರ್ ಅನ್ನು ವೀಟೆನಿಸ್,’ ಅಂದ ಮೇಸ್ತ್ರಿ ಡೆಸ್ಮಂಡ್,
‘ಸರಿಯಾದ ಇಂಗ್ಲಿಷ್ ಆಡು.’
ಅಂದಿನಿಂದ ನನ್ನ ಬಾಯಿಯ ಮೇಲೆ ನನಗೇ ಗುಮಾನಿ:
ಯಾವುದು ದೇಶದ್ದು, ಯಾವುದು ವಿಲ್ಫನದು?
ಮಧ್ಯಾಹ್ನ ಬೇಟ್ ತಿನ್ನೋಣವಾ ಅಂದರೆ
ಹುಡುಗರು ನನ್ನ ಡಬ್ಬಿಯಲ್ಲಿ ಎರೆಹುಳ ಹುಡುಕಿದರು.
ಅವರಿಗದು ಗಾಳಕ್ಕೆ ಸಿಕ್ಕಿಸುವುದು;
ವಿಲ್ಫನಿಗೆ ಬುತ್ತಿ.
ಹೊರಗೆಲ್ಲ ಕ್ಲಾರ್ಟ್ಸ್ ಅಂದೆ.
ಕೆಸರು ಅಂತ ನನ್ನ ಬೂಟು ನೋಡಿ ತಿಳಿದುಕೊಂಡರು.

ವ್ಯಾನಿನಲ್ಲಿ ಒಬ್ಬನೇ ಅಭ್ಯಾಸ ಮಾಡಿದೆ: ಸ್ಪ್ಲಿಂಟರ್, ಸ್ಪ್ಲಿಂಟರ್.
ಉದ್ದವಾಯಿತು.
ಹೇಳಿ ಮುಗಿಸುವಷ್ಟರಲ್ಲಿ ಅದು ಚರ್ಮ ದಾಟಿರುತ್ತದೆ.
ಸ್ಪೆಲ್ಕ್ ಹಾಗಲ್ಲ,
ನಾಟಿದಷ್ಟೇ ಹೊತ್ತು, ಕೊನೆಗೊಂದು ಮುರಿದ ಕ್.

ಭಾನುವಾರ ವಿಲ್ಫನಿಗೆ ಫೋನು ಮಾಡಿದೆ.
ಕೆಮ್ಮು ಬರುವ ತನಕ ನಕ್ಕ.
‘ನನ್ನ ಮೊಮ್ಮಕ್ಕಳೇ ಅನ್ನುವುದಿಲ್ಲ ಕಣೋ,
ಟೀವಿಯ ಹಾಗೆ ಮಾತಾಡುತ್ತವೆ.
ಇನ್ನು ನೀನೊಬ್ಬ ಅಂತ ಕಾಣುತ್ತೆ.’
ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
ಅಲ್ಲಿ ಮಳೆಯಾ? ಅಂದ.
ಇಲ್ಲ ಅಂದೆ.

ನಿನ್ನೆ ಬೀಚ್ ಹಲಗೆ ಇಳಿಸುವಾಗ
ಬಲಗೈಯ ಕಿರುಬೆರಳ ಬುಡಕ್ಕೆ ಆಳವಾಗಿ ನಾಟಿತು.
ಬಾಯಿಂದ ಹಾರಿದ್ದು ವಿಲ್ಫನ ಮಾತು.
ಅಮ್ಮನದು ಆಮೇಲೆ ಬಂತು, ಏದುಸಿರು ಬಿಡುತ್ತ,
ಬಸ್ಸು ತಪ್ಪಿದವಳ ಹಾಗೆ.
ಎಡಗೈಯಲ್ಲಿ ಸೂಜಿ ನಿಲ್ಲಲಿಲ್ಲ.
ಡೆಸ್ಮಂಡ್ ಬಂದ, ಕನ್ನಡಕ ಹಣೆಗೇರಿಸಿದ.
‘ಎಲ್ಲಿ ತೋರಿಸು, ಆ ನಿನ್ನ...’
ಅಂದವನು ತಡೆದ. ಯಾವ ಹೆಸರೂ ಹೇಳದೆ
ನನ್ನ ಅಂಗೈಯನ್ನು
ಬೆಳಕಿನ ಕಡೆ ತಿರುಗಿಸಿದ.